ಅಜ್ಞಾತವಾಸದ ವರದಿಗಾರ್ತಿಯರು

ಹುಟ್ಟಿದ ನೆಲವನ್ನು ಬಿಟ್ಟು ಬಾಳಬೇಕಾದ ಸ್ಥಿತಿಗೆ ನಮ್ಮ ಭಾಷೆಯಲ್ಲಿ ಹಲವು ಹೆಸರುಗಳಿವೆ. ಗಡಿಪಾರು, ದೇಶಭ್ರಷ್ಟತೆ, ದೇಶಾಂತರವಾಸ ಮೊದಲಾದವು ನ್ಯಾಯಾಲಯದ ಕಡತದಲ್ಲಿ ಕಾಣುವಂಥ ಪದಗಳು. ಆದರೆ ಓದುಬರಹ ಬಾರದ ಅಜ್ಜಿಗೂ ತಿಳಿಯುವ ಎರಡು ಪದಗಳು ವನವಾಸ ಮತ್ತು ಅಜ್ಞಾತವಾಸ. ಹನ್ನೆರಡು ವರುಷ ಕಾಡಿನಲ್ಲಿ ಅಲೆದ ಪಾಂಡವರಿಗೆ ಹದಿಮೂರನೆಯ ಆ ಒಂದು ವರುಷವೇ ಹೆಚ್ಚು ಕಠಿಣವಾಯಿತೆಂಬುದನ್ನು ತಾಳಮದ್ದಲೆ ಕೇಳಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಕಾಡಿನಲ್ಲಿ ಅವರಿಗೆ ಅರಮನೆಯಿರಲಿಲ್ಲ, ಹೆಸರಿತ್ತು. ವಿರಾಟನ ನಗರದಲ್ಲಿ ತಲೆಯ ಮೇಲೆ ಸೂರಿತ್ತು, ಹೆಸರು ಮಾತ್ರ ಇರಲಿಲ್ಲ.

ಪ್ರಿಯ ಓದುಗರೇ, ಕೆಲವು ವರ್ಷಗಳಿಂದ ಅಫ್ಘಾನಿಸ್ತಾನದ ಪತ್ರಕರ್ತೆಯರ ಬರಹಗಳನ್ನು ಓದುವಾಗಲೆಲ್ಲ ಈ ಎರಡು ಪದಗಳು ಮತ್ತೆ ಮತ್ತೆ ನನ್ನ ಮನಸ್ಸಿಗೆ ಬರುತ್ತಿವೆ. ಲಂಡನ್ನಿನಲ್ಲೋ ಕೆನಡಾದಲ್ಲೋ ಕುಳಿತು ತಮ್ಮ ನಾಡಿನ ಹೆಣ್ಣುಮಕ್ಕಳ ಸುದ್ದಿಯನ್ನು ಲೋಕಕ್ಕೆ ತಿಳಿಸುತ್ತಿರುವ ಸಂಪಾದಕಿಯರದು ವನವಾಸ. ಆ ಸುದ್ದಿಯನ್ನು ಒಳಗಿನಿಂದ ಹೆಕ್ಕಿ ಕಳುಹಿಸುವ ತರುಣಿಯರದು, ತಮ್ಮ ಸ್ವಂತ ಊರಿನಲ್ಲೇ, ತಾಯಿತಂದೆಯರ ಮನೆಯಲ್ಲೇ ನಡೆದಿರುವ ಅಜ್ಞಾತವಾಸ.

ಝಹ್ರಾ ಜೋಯಾ ಎಂಬ ಪತ್ರಕರ್ತೆಯ ಕಥೆಯಿಂದಲೇ ಆರಂಭಿಸೋಣ. ಬಾಮಿಯಾನ್ ಪ್ರಾಂತ್ಯದ ಹಝಾರಾ ಜನಾಂಗದ ಈ ಹೆಣ್ಣುಮಗಳ ಬಾಲ್ಯವು ತಾಲಿಬಾನಿನ ಮೊದಲ ಆಳ್ವಿಕೆಯಲ್ಲಿ, ಅಂದರೆ 1996ರಿಂದ 2001ರ ಅವಧಿಯಲ್ಲಿ ಕಳೆಯಿತು. ಹುಡುಗಿಯರಿಗೆ ಶಾಲೆ ನಿಷಿದ್ಧವಾಗಿದ್ದ ಆ ಕಾಲದಲ್ಲಿ ಆಕೆ ಹುಡುಗನ ಉಡುಪು ತೊಟ್ಟು, ಮೊಹಮ್ಮದ್ ಎಂಬ ಹೆಸರಿಟ್ಟುಕೊಂಡು ಅಕ್ಷರ ಕಲಿತಳು. ಮುಂದೆ ಕಾಬೂಲಿನಲ್ಲಿ ವರದಿಗಾರ್ತಿಯಾದಾಗ ಆಕೆಯ ಕಣ್ಣಿಗೆ ಬಿದ್ದದ್ದು ಸುದ್ದಿಮನೆಗಳಲ್ಲಿ ತುಂಬಿದ್ದ ಗಂಡಸರೇ. ಹೆಣ್ಣಿನ ಬದುಕಿನ ಸುದ್ದಿಯನ್ನೂ ಗಂಡಸರೇ ಆಯ್ದು, ಗಂಡಸರೇ ಬರೆದು, ಗಂಡಸರೇ ತಿದ್ದುತ್ತಿದ್ದರು. ಆದುದರಿಂದ 2020ರ ಕೊನೆಯಲ್ಲಿ ತನ್ನ ಉಳಿತಾಯದ ಹಣ ಹಾಕಿ ಆಕೆ ಮಹಿಳೆಯರೇ ನಡೆಸುವ ಒಂದು ಸುದ್ದಿಸಂಸ್ಥೆಯನ್ನು ಹುಟ್ಟುಹಾಕಿದಳು. ಅದಕ್ಕಿಟ್ಟ ಹೆಸರು ರುಖ್ಶಾನಾ ಮೀಡಿಯಾ.

ಈ ರುಖ್ಶಾನಾ ಯಾರು? ಘೋರ್ ಪ್ರಾಂತ್ಯದ ಸುಮಾರು ಹತ್ತೊಂಬತ್ತರ ಹರೆಯದ ಹುಡುಗಿ. ಇಷ್ಟವಿಲ್ಲದ ಮದುವೆಯಿಂದ ತಪ್ಪಿಸಿಕೊಂಡು ತಾನು ಮೆಚ್ಚಿದವನೊಡನೆ ಹೊರಟುಹೋದುದಕ್ಕಾಗಿ 2015ರಲ್ಲಿ ಅವಳನ್ನು ನೆಲದ ಗುಂಡಿಯಲ್ಲಿ ನಿಲ್ಲಿಸಿ ಕಲ್ಲೆಸೆದು ಕೊಂದರು. ಆ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರಿಂದ ಲೋಕಕ್ಕೆ ತಿಳಿಯಿತು. ಒಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಅಂದು ಕಾಬೂಲಿನಲ್ಲಿ ಆಳುತ್ತಿದ್ದುದು ತಾಲಿಬಾನ್ ಅಲ್ಲ. ಅಷ್ಟೇ ಏಕೆ, ಘೋರ್ ಪ್ರಾಂತ್ಯದ ರಾಜ್ಯಪಾಲ ಹುದ್ದೆಯಲ್ಲಿದ್ದುದೂ ಒಬ್ಬ ಮಹಿಳೆಯೇ, ಸೀಮಾ ಜೋಯೆಂದಾ. ಅಧಿಕಾರದ ಪೀಠದಲ್ಲಿ ಹೆಣ್ಣಿದ್ದಾಗಲೂ ಹಳ್ಳಿಯ ಗುಂಡಿಯಲ್ಲಿ ಹೆಣ್ಣೇ ನಿಂತಿದ್ದಳು. ಸುದ್ದಿಸಂಸ್ಥೆಗಳಿಗೆ ಸೂರ್ಯ, ಬೆಳಕು, ಪ್ರಭಾತವೆಂದೆಲ್ಲ ಹೆಸರಿಡುವುದು ರೂಢಿ. ಜೋಯಾ ತನ್ನ ಸಂಸ್ಥೆಗೆ ಕೊಲೆಯಾದ ಹುಡುಗಿಯ ಹೆಸರನ್ನಿಟ್ಟದ್ದರಲ್ಲಿ ಒಂದು ಶಪಥದ ಛಾಯೆ ನನಗೆ ಕಾಣುತ್ತದೆ.

ಹಳೆಯ ಗಣರಾಜ್ಯದ ದಿನಗಳು ಪತ್ರಕರ್ತೆಯರಿಗೆ ಸುವರ್ಣಯುಗವಾಗಿದ್ದವೆಂದು ಯಾರೂ ಭಾವಿಸಬೇಕಾಗಿಲ್ಲ. ಪರ್ವಾನ್ ಪ್ರಾಂತ್ಯದಲ್ಲಿ ಬಾನುಲಿ ಕೇಂದ್ರ ನಡೆಸುತ್ತಿದ್ದ ಝಕಿಯಾ ಝಕಿಯನ್ನು 2007ರ ಜೂನಿನಲ್ಲಿ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಜಲಾಲಾಬಾದಿನ ಎನಿಕಾಸ್ ವಾಹಿನಿಯ ಮಲಾಲಾಯ್ ಮೈವಂದ್ ಬಲಿಯಾದದ್ದು 2020ರ ಡಿಸೆಂಬರ್ 10ರಂದು. ಅದು ವಿಶ್ವ ಮಾನವ ಹಕ್ಕುಗಳ ದಿನವಾಗಿದ್ದುದು ಎಂಥ ವಿಪರ್ಯಾಸ! ಮೂರು ತಿಂಗಳು ತುಂಬುವ ಮೊದಲೇ, 2021ರ ಮಾರ್ಚ್ 2ರಂದು, ಅದೇ ವಾಹಿನಿಯ ಮೂವರು ತರುಣಿಯರು ಕೆಲಸ ಮುಗಿಸಿ ಮನೆಗೆ ಮರಳುವಾಗ ಹತರಾದರು. ಅವರು ವರದಿಗಾರ್ತಿಯರೂ ಅಲ್ಲ. ವಿದೇಶೀ ಧಾರಾವಾಹಿಗಳಿಗೆ ಸ್ಥಳೀಯ ಭಾಷೆಯಲ್ಲಿ ಕಂಠದಾನ ಮಾಡುತ್ತಿದ್ದವರು. ಆ ಧಾರಾವಾಹಿಗಳಲ್ಲಿ ನಮ್ಮ ದೇಶದವೂ ಇದ್ದವು. ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಕಣ್ಣೀರು ಹರಿಸುವ ಅತ್ತೆ ಸೊಸೆಯರಿಗೆ ಅಲ್ಲಿ ದನಿಯಾಗುವುದೂ ಪ್ರಾಣಕ್ಕೆ ಎರವಾಗುವ ಉದ್ಯೋಗವಾಗಿತ್ತು.

2021ರ ಆಗಸ್ಟ್ 15ರಂದು, ನಾವಿಲ್ಲಿ ಸ್ವಾತಂತ್ರ್ಯೋತ್ಸವದ ಧ್ವಜ ಹಾರಿಸುತ್ತಿದ್ದ ದಿನವೇ, ಕಾಬೂಲ್ ತಾಲಿಬಾನಿನ ವಶವಾಯಿತು. ಎರಡೇ ದಿನಗಳ ಬಳಿಕ ಟೋಲೋ ವಾಹಿನಿಯ ಬೆಹೆಶ್ತಾ ಅರ್ಘಂದ್ ತಾಲಿಬಾನ್ ಪ್ರತಿನಿಧಿಯೊಬ್ಬನನ್ನು ಎದುರಿಗೆ ಕೂರಿಸಿ ಸಂದರ್ಶಿಸಿದಾಗ ಲೋಕವೇ ಬೆರಗಾಯಿತು; ಕಾಲ ಬದಲಾಗಿದೆಯೆಂದು ಕೆಲವರು ಹರ್ಷಿಸಿದರು. ತಿಂಗಳು ಮುಗಿಯುವಷ್ಟರಲ್ಲಿ ಆಕೆ ದೇಶ ಬಿಟ್ಟಿದ್ದಳು. ಗಡಿಗಳಿಲ್ಲದ ವರದಿಗಾರರ ಸಂಸ್ಥೆಯು ಅಲ್ಲಿನ ಪತ್ರಕರ್ತರ ಸಂಘದೊಡನೆ ನಡೆಸಿದ ಸಮೀಕ್ಷೆಯ ಪ್ರಕಾರ, ಆ ಆಗಸ್ಟಿನ ಆರಂಭದಲ್ಲಿ ಮಾಧ್ಯಮಗಳಲ್ಲಿ ದುಡಿಯುತ್ತಿದ್ದ 2,490 ಮಹಿಳೆಯರಲ್ಲಿ ಡಿಸೆಂಬರಿನ ವೇಳೆಗೆ ಉಳಿದವರು 410 ಮಂದಿ. ಮುಂದಿನ ಆಜ್ಞೆಗಳು ನಿಮಗೆ ತಿಳಿದವೇ. ಪ್ರೌಢಶಾಲೆ, ವಿಶ್ವವಿದ್ಯಾಲಯ, ಸೇವಾಸಂಸ್ಥೆಗಳ ನೌಕರಿ, ಕೊನೆಗೆ ದಾದಿ ಮತ್ತು ಸೂಲಗಿತ್ತಿಯರ ತರಬೇತಿಯವರೆಗೆ ಒಂದೊಂದಾಗಿ ಬಾಗಿಲು ಮುಚ್ಚಿದವು. 2024ರ ಆಗಸ್ಟಿನಲ್ಲಿ ಯುನೆಸ್ಕೋ ನೀಡಿದ ಲೆಕ್ಕದಂತೆ ಪ್ರೌಢಶಾಲೆಯಿಂದ ವಂಚಿತರಾದ ಹುಡುಗಿಯರು ಕನಿಷ್ಠ 14 ಲಕ್ಷ. ಅದೇ ತಿಂಗಳು ಹೊರಬಂದ ನೈತಿಕತೆಯ ಕಾನೂನು ಹೆಣ್ಣಿನ ದನಿಯನ್ನೇ ಮರೆಮಾಡಬೇಕಾದ ಅಂಗಗಳ ಸಾಲಿಗೆ ಸೇರಿಸಿತು. ಜೀವಿಗಳ ಚಿತ್ರ ಪ್ರಕಟಿಸುವುದನ್ನೂ ನಿಷೇಧಿಸಿತು. ದನಿಯೂ ಮುಖವೂ ಇಲ್ಲದ ಮೇಲೆ ಪತ್ರಿಕೋದ್ಯಮದಲ್ಲಿ ಉಳಿಯುವುದಾದರೂ ಏನು?

ಉಳಿದದ್ದು ಅಕ್ಷರ. ಅದನ್ನು ಹೊರಗಿನಿಂದಲೇ ಅಚ್ಚು ಹಾಕಬೇಕಾಯಿತು. ಬ್ರಿಟನ್ನಿಗೆ ತೆರವುಗೊಂಡ ಜೋಯಾ ಲಂಡನ್ನಿನ ಹೋಟೆಲೊಂದರಲ್ಲಿ ನಿರಾಶ್ರಿತೆಯಾಗಿ ತಂಗಿದ್ದುಕೊಂಡೇ ರುಖ್ಶಾನಾ ಮೀಡಿಯಾವನ್ನು ಮುಂದುವರಿಸಿದಳು. ಹಿಂದೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಾಬೂಲ್ ಕಚೇರಿಯಲ್ಲಿ ದುಡಿದಿದ್ದ ಝಹ್ರಾ ನಾದರ್ ಕೆನಡಾದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಳು. 2022ರ ಆಗಸ್ಟಿನಲ್ಲಿ ಆಕೆ ಝನ್ ಟೈಮ್ಸ್ ಆರಂಭಿಸಿದಳು. ಝನ್ ಎಂದರೆ ಪಾರಸಿಯಲ್ಲಿ ಹೆಣ್ಣು. ನಮಗೆ ಪರಿಚಿತವಾದ ‘ಜನಾನಾ’ ಎಂಬ ಪದದ ಬೇರು ಅದೇ. ಅಂತಃಪುರಕ್ಕೆ ಹೆಸರು ಕೊಟ್ಟ ಪದವೇ ಈಗ ಪತ್ರಿಕೆಯೊಂದರ ತಲೆಬರಹವಾಗಿದೆ.

ಈ ಪತ್ರಿಕೆಗಳು ಕೆಲಸ ಮಾಡುವ ಬಗೆಯನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಒಳನಾಡಿನ ವರದಿಗಾರ್ತಿಯರು ಬರೆಯುವುದು ಕಲ್ಪಿತ ಹೆಸರುಗಳಲ್ಲಿ. ಒಬ್ಬಳು ಸಿಕ್ಕಿಬಿದ್ದರೆ ಇನ್ನೊಬ್ಬಳ ಹೆಸರು ಬಾಯಿಬಿಡುವಂತಾಗಬಾರದೆಂದು ಸಹೋದ್ಯೋಗಿಗಳಿಗೇ ಪರಸ್ಪರರ ಗುರುತು ತಿಳಿಸುವುದಿಲ್ಲ. ಸಂದೇಶಗಳನ್ನು ಗೂಢಲಿಪಿಯ ಮೂಲಕ ಕಳುಹಿಸಿ, ದಾರಿಯ ತಪಾಸಣೆಗೆ ಅಂಜಿ ಕೂಡಲೇ ಅಳಿಸಿಹಾಕಬೇಕು. ಸುದ್ದಿ ಕೊಡುವ ಹೆಣ್ಣಿನ ಹೆಸರು, ಊರು, ಕೆಲವೊಮ್ಮೆ ವಯಸ್ಸು ಕೂಡ ಮರೆಯಾಗಿರಬೇಕು. ಒಬ್ಬ ಬರಹಗಾರನಿಗೆ ತನ್ನ ಹೆಸರು ಅಚ್ಚಿನಲ್ಲಿ ಕಾಣುವ ಸಂತೋಷ ಎಂಥದೆಂದು ಈ ಪತ್ರಿಕೆಗೆ ಲೇಖನ ಕಳುಹಿಸುವ ನಮ್ಮೆಲ್ಲರಿಗೂ ಗೊತ್ತು. ಕಾಗುಣಿತ ತಪ್ಪಿದರೆ ಸಂಪಾದಕರಿಗೆ ಪತ್ರ ಬರೆಯುವವರು ನಾವು! ಆ ತರುಣಿಯರಿಗೆ ಹೆಸರೆಂಬುದು ತಮ್ಮ ವಿರುದ್ಧದ ಸಾಕ್ಷಿ. ಕೇಳಿದ್ದನ್ನು ಎದೆಯಲ್ಲಿಟ್ಟು ಹೇಳಿದವರ ಹೆಸರನ್ನು ಕಾಪಾಡುವ ಕೆಲಸ ನನ್ನ ಗುರುಪಟ್ಟದ ಬದುಕಿಗೂ ಹೊಸದಲ್ಲ. ಆದರೆ ನಾನು ಕೇಳಿದ್ದು ನನ್ನೊಡನೆಯೇ ಮಣ್ಣಾಗಬೇಕು. ಅವರದು ಇನ್ನೂ ಕಷ್ಟದ ಹೊಣೆ: ಮಾತು ಊರೆಲ್ಲ ಕೇಳಬೇಕು, ಆಡಿದವಳು ಮಾತ್ರ ಕಾಣಬಾರದು.

ಈ ರೀತಿಯಲ್ಲಿ ಸಂಗ್ರಹವಾದ ವರದಿಗಳಲ್ಲಿ ಒಂದನ್ನು ಹೇಳದಿರಲಾರೆ. 2023ರ ಆಗಸ್ಟಿನಲ್ಲಿ ಝನ್ ಟೈಮ್ಸ್ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಜೊತೆಗೂಡಿ ಆತ್ಮಹತ್ಯೆಗಳ ಕುರಿತು ಬರೆಯಿತು. ದೇಶದ ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಾಂತ್ಯಗಳ ಆಸ್ಪತ್ರೆಗಳಿಂದ ಆರೋಗ್ಯ ಕಾರ್ಯಕರ್ತರು ಗುಟ್ಟಾಗಿ ಒದಗಿಸಿದ ಅಂಕಿಗಳವು. ಹೊಸ ಆಳ್ವಿಕೆಯ ಮೊದಲ ವರ್ಷದಲ್ಲಿ ಪ್ರಾಣ ಕಳೆದುಕೊಂಡವರು ಮತ್ತು ಪ್ರಯತ್ನಿಸಿ ಬದುಕುಳಿದವರು, ಒಟ್ಟಾರೆ ದಾಖಲಾದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಮಹಿಳೆಯರು. ಲೋಕದ ಬಹುತೇಕ ದೇಶಗಳಲ್ಲಿ ಆತ್ಮಹತ್ಯೆಯಿಂದ ಸಾಯುವವರಲ್ಲಿ ಗಂಡಸರೇ ಹೆಚ್ಚು. ಇಲ್ಲಿ ತಕ್ಕಡಿ ತಲೆಕೆಳಗಾಗಿದೆ. ಸರಕಾರ ಮುಚ್ಚಿಟ್ಟ, ಕುಟುಂಬಗಳು ನಾಚಿಕೆಯಿಂದ ಹುದುಗಿಸಿಟ್ಟ ಈ ಸಾವುಗಳನ್ನು ಹೆಸರಿಲ್ಲದ ಕೆಲವು ಹೆಣ್ಣುಮಕ್ಕಳು ಎಣಿಸದೆ ಹೋಗಿದ್ದರೆ ಬೇರೆ ಯಾರು ಎಣಿಸುತ್ತಿದ್ದರು?

ಆದರೂ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ದೂರದ ಸುರಕ್ಷಿತ ನೆಲದಲ್ಲಿ ಕುಳಿತವರು ಒಳಗಿರುವವರನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವೇ? ಇದು ತಾಲಿಬಾನಿನ ಹಿತೈಷಿಗಳು ಎತ್ತುವ ಕುಹಕವಷ್ಟೇ ಅಲ್ಲ, ನಿಜವಾದ ತೊಡಕು. ಹಮೀದಾ ಅಮಾನ್ ಎಂಬಾಕೆ ಕಾಬೂಲಿನಲ್ಲಿ ಹುಟ್ಟಿ ಸ್ವಿಟ್ಜರ್‌ಲೆಂಡಿನಲ್ಲಿ ಬೆಳೆದವರು. 2021ರ ಮಾರ್ಚ್ 8ರಂದು ಅವರು ಕಾಬೂಲಿನಲ್ಲಿ ರೇಡಿಯೋ ಬೇಗಂ ಆರಂಭಿಸಿದರು. ಶಾಲೆ ಕಳೆದುಕೊಂಡ ಹುಡುಗಿಯರಿಗೆ ಅದು ಪಾಠ ಹೇಳಿತು, ಅವರ ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ನೀಡಿತು. ರಾಜಕೀಯದ ಗೋಜಿಗೆ ಹೋಗದೆ, ತಾಲಿಬಾನಿನ ಕಣ್ಣೆದುರಿಗೇ ಉಸಿರಾಡುತ್ತಿತ್ತು. 2024ರಲ್ಲಿ ಅದರ ಸೋದರಿಯಾಗಿ ಪ್ಯಾರಿಸ್ಸಿನಿಂದ ಬೇಗಂ ಟಿವಿ ಉಪಗ್ರಹದ ಮೂಲಕ ಪ್ರಸಾರ ಆರಂಭಿಸಿತು. ಏಳರಿಂದ ಹನ್ನೆರಡನೆಯ ತರಗತಿಯವರೆಗಿನ ಪಾಠಗಳು ಆಕಾಶದಿಂದಲೇ ಅಂಗಳಕ್ಕೆ ಇಳಿದವು. 2025ರ ಫೆಬ್ರವರಿ 4ರಂದು ತಾಲಿಬಾನ್ ಅಧಿಕಾರಿಗಳು ಕಾಬೂಲಿನ ಬಾನುಲಿ ಕೇಂದ್ರಕ್ಕೆ ನುಗ್ಗಿ ಗಣಕಯಂತ್ರ, ಕಡತ, ಫೋನುಗಳನ್ನು ಹೊತ್ತೊಯ್ದರು. ಇಬ್ಬರು ನೌಕರರನ್ನು ಬಂಧಿಸಿದರು. ವಿದೇಶದ ವಾಹಿನಿಗೆ ಕಾರ್ಯಕ್ರಮ ಒದಗಿಸಿದಿರಿ ಎಂಬುದೇ ಆರೋಪ. ಆ ತಿಂಗಳ ಕೊನೆಯ ಭಾಗದಲ್ಲಿ ಪ್ರಸಾರಕ್ಕೆ ಮತ್ತೆ ಅನುಮತಿ ದೊರಕಿತೆಂಬುದು ಸಮಾಧಾನವೇ ಸರಿ. ಆದರೆ ಪ್ಯಾರಿಸ್ಸಿನಲ್ಲಿ ಹಚ್ಚಿದ ದೀಪದ ಬಿಸಿ ಕಾಬೂಲಿನಲ್ಲಿ ಯಾರ ಅಂಗೈಯನ್ನು ಸುಡಬಹುದೆಂಬ ಲೆಕ್ಕವನ್ನು ವನವಾಸದಲ್ಲಿರುವ ಪ್ರತಿಯೊಬ್ಬ ಸಂಪಾದಕಿಯೂ ಪ್ರತಿದಿನ ಹಾಕಬೇಕಾಗುತ್ತದೆ. ಯಾವ ವರದಿಯನ್ನು ಪ್ರಕಟಿಸಬೇಕು ಎಂಬುದಕ್ಕಿಂತ ಯಾವುದನ್ನು ತಡೆಹಿಡಿಯಬೇಕು ಎಂಬಲ್ಲಿಯೇ ಅವರ ವಿವೇಕದ ಪರೀಕ್ಷೆ ನಡೆಯುತ್ತದೆಂದು ನನ್ನ ಅನಿಸಿಕೆ. ಒಳಗಿರುವವಳು ಬೇಡವೆಂದರೆ ಬೇಡ. ಆ ಹಕ್ಕು ಅವಳದೇ ಆಗಿರಬೇಕು.

ದೇಶಾಂತರದಿಂದ ಪತ್ರಿಕೆ ನಡೆಸಿದ ಹೆಣ್ಣು ನಮ್ಮ ಚರಿತ್ರೆಗೂ ಅಪರಿಚಿತಳಲ್ಲ. ಮೇಡಂ ಭಿಕಾಯಿಜಿ ಕಾಮಾ 1909ರಲ್ಲಿ ಜಿನೀವಾದಿಂದ ವಂದೇ ಮಾತರಂ ಪತ್ರಿಕೆ ಹೊರಡಿಸಿದಾಗ ಅದರ ಪ್ರತಿಗಳು ಫ್ರೆಂಚರ ಪುದುಚೇರಿಯ ಹಾದಿಯಾಗಿ ಕದ್ದುಮುಚ್ಚಿ ಭಾರತದೊಳಕ್ಕೆ ಬರುತ್ತಿದ್ದವು. ಮರುವರ್ಷ ಕೈರೋದಲ್ಲಿ ಗಂಡಸರೇ ತುಂಬಿದ್ದ ಸಭೆಯನ್ನು ಕಂಡು, ಈಜಿಪ್ಟಿನ ಉಳಿದರ್ಧ ಎಲ್ಲಿ ಎಂದು ಆಕೆ ಕೇಳಿದರೆಂದು ಚರಿತ್ರಕಾರರು ಬರೆಯುತ್ತಾರೆ. ಆಕೆಗೆ ತಾಯ್ನಾಡಿಗೆ ಮರಳಲು 1935ರವರೆಗೆ ಕಾಯಬೇಕಾಯಿತು.

ಇಲ್ಲಿ ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕೆನಿಸುತ್ತದೆ. ಈ ಸುದ್ದಿಗಳನ್ನು ಓದಿ, ‘ನೋಡಿ, ಆ ಧರ್ಮವೇ ಹಾಗೆ’ ಎಂದು ತೀರ್ಪು ನೀಡಿ ಚಹಾ ಮುಗಿಸುವವರನ್ನು ನಾನು ಕಂಡಿದ್ದೇನೆ. ಅವರ ನೋವನ್ನು ನಮ್ಮ ವಾದದ ಗೋಡೆಗೆ ಇಟ್ಟಿಗೆಯಾಗಿಸುವ ಹಕ್ಕು ನಮಗಿಲ್ಲ. ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣಿಗೆ ಮುಚ್ಚಿದ 2022ರ ಡಿಸೆಂಬರಿನಲ್ಲಿ, ಆ ಆಜ್ಞೆ ಇಸ್ಲಾಮಿನ ಕಟ್ಟಳೆಗೇ ವಿರುದ್ಧವೆಂದು ಸಾರಿದವರು ಕೈರೋದ ಅಲ್ ಅಝರ್ ಪೀಠದ ಮಹಾ ಇಮಾಮರಾದ ಅಹ್ಮದ್ ಅಲ್ ತಯ್ಯಬ್. ಜೋಯಾ, ನಾದರ್, ಅಮಾನರು ಕೇಳುತ್ತಿರುವುದು ತಮ್ಮ ನಾಡನ್ನು, ಅದರ ಶಾಲೆಯನ್ನು, ಅದರ ಬೀದಿಯನ್ನು.

ವನವಾಸಕ್ಕೂ ಖರ್ಚಿದೆ. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ತಡೆಹಿಡಿದಾಗ ಲೋಕದಾದ್ಯಂತ ಅನೇಕ ದೇಶಾಂತರ ಪತ್ರಿಕೆಗಳ ಬೊಕ್ಕಸ ರಾತ್ರೋರಾತ್ರಿ ಬರಿದಾಯಿತು. 2023ರ ಕೊನೆಯಿಂದ ಪಾಕಿಸ್ತಾನ ಅಫ್ಘನ್ನರನ್ನು ಗುಂಪುಗುಂಪಾಗಿ ಹೊರಗಟ್ಟತೊಡಗಿದ್ದರಿಂದ, ಅಲ್ಲಿ ವೀಸಾಕ್ಕಾಗಿ ಕಾದು ಕುಳಿತ ಪತ್ರಕರ್ತೆಯರಿಗೆ ನಿಂತ ನೆಲವೂ ಭದ್ರವಲ್ಲ. 2025ರ ಸೆಪ್ಟೆಂಬರ್ 29ರಂದು ತಾಲಿಬಾನ್ ಇಡೀ ದೇಶದ ಅಂತರಜಾಲವನ್ನು ಸುಮಾರು ಎರಡು ದಿನ ಕಡಿದುಹಾಕಿತು. ಹೊರಗಿನಿಂದ ಹೋದ ಸಂದೇಶಗಳಿಗೆ ಒಳಗಿನಿಂದ ಉತ್ತರವಿಲ್ಲ. ಅಕ್ಟೋಬರ್ 1ರಂದು ತಂತಿ ಮರಳಿ ಜೀವ ತಳೆಯಿತು.

ಅದಾಗಿ ಒಂಬತ್ತೇ ದಿನಕ್ಕೆ ತಾಲಿಬಾನಿನ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಕಿ ನವದೆಹಲಿಯಲ್ಲಿ, ಅಫ್ಘಾನ್ ರಾಯಭಾರ ಕಚೇರಿಯೊಳಗೆ, ಪತ್ರಿಕಾಗೋಷ್ಠಿ ನಡೆಸಿದರು. ಮಹಿಳಾ ಪತ್ರಕರ್ತರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅದರಲ್ಲಿ ತನ್ನ ಪಾತ್ರವಿಲ್ಲವೆಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಪತ್ರಕರ್ತರ ಸಂಘಟನೆಗಳು ಪ್ರತಿಭಟಿಸಿದವು. ಅಕ್ಟೋಬರ್ 12ರಂದು ಮತ್ತೊಂದು ಗೋಷ್ಠಿ ಕರೆಯಬೇಕಾಯಿತು. ಅಂದು ಮೊದಲ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳು ಅಫ್ಘಾನ್ ಹುಡುಗಿಯರ ಶಾಲೆಯ ಬಗ್ಗೆ ಮಂತ್ರಿಯನ್ನು ನೇರವಾಗಿ ಕೇಳಿದರು. ಮಂತ್ರಿ ಏನೋ ಒಂದು ಸಮಜಾಯಿಷಿ ನೀಡಿದರು. ದೆಹಲಿಯ ಆ ವರದಿಗಾರ್ತಿಯರು ತಮ್ಮ ವರದಿಗಳನ್ನು ತಮ್ಮ ತಮ್ಮ ಹೆಸರಿನಲ್ಲೇ ಬರೆದರು.