ಫೋಟೊದಲ್ಲಿ ಹನ್ನೆರಡು ತಲೆ

ವಿಮೆ ಕಂಪನಿಗಳಿಗೆ ಹೊಸ ಕಣ್ಣು ಬಂದಿದೆ. ಅಮೆರಿಕದಲ್ಲಿ ಓಡಾಡುವ ಗಾಡಿಗಳ ಮೇಲೇ ಕ್ಯಾಮೆರಾ ಕೂರಿಸಿ, ದಾರಿಯಲ್ಲಿ ಕಂಡ ಕಾರುಗಳ ನಂಬರ್ ಪ್ಲೇಟಿನ ಚಿತ್ರ ಹಿಡಿದು, ಯಾವ ಗಾಡಿ ಯಾವತ್ತು ಎಷ್ಟು ಹೊತ್ತಿಗೆ ಎಲ್ಲಿತ್ತು ಅನ್ನೋ ಲೆಕ್ಕವನ್ನು ವಿಮೆಯವರಿಗೆ ಮಾರುವ ವ್ಯಾಪಾರವೇ ಇದೆ. ಅಪಘಾತದಲ್ಲಿ ಮುರೀತು ಅಂತ ಹೇಳಿದ ಬಂಪರು ಅದಕ್ಕೂ ಮುಂಚೆಯೇ ಮುರಿದಿತ್ತೇ? ಹಳ್ಳಿಯಲ್ಲಿ ನಿಲ್ಲೋ ಗಾಡಿ ಅಂತ ಕಡಿಮೆ ಕಂತು ಕಟ್ಟಿ ಪಟ್ಟಣದಲ್ಲಿ ಓಡಿಸ್ತಾ ಇದ್ದಾನೆಯೇ? ಚಿತ್ರ ಹೇಳುತ್ತದೆ. ಆ ಕಣ್ಣಿನ ತಮ್ಮಂದಿರು ನಮ್ಮಲ್ಲೂ ಹುಟ್ಟಿದ್ದಾರೆ. 2021ರ ಫೆಬ್ರವರಿಯಲ್ಲಿ ಟೋಲ್ ಗೇಟುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅಪಘಾತದ ಜಾಗವನ್ನು ಪೊಲೀಸರು ಫೋಟೊ ಮತ್ತು ಸ್ಥಳದ ಗುರುತು ಸಮೇತ ಮೊಬೈಲಿನಲ್ಲೇ ದಾಖಲು ಮಾಡುವ ಐರಾಡ್ ವ್ಯವಸ್ಥೆ ಅದೇ ವರ್ಷ ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಸುಳ್ಳು ಕ್ಲೇಮೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. ಗುರುತಿಲ್ಲದ ಲಾರಿ ಹೊಡೆದು ಹೋದರೆ, ವಿಮೆ ಇರೋ ಇನ್ಯಾರದೋ ಗಾಡಿ ತಂದು ನಿಲ್ಲಿಸಿ ಇದೇ ಹೊಡೆದದ್ದು ಅನ್ನುವುದುಂಟು. ಉತ್ತರಪ್ರದೇಶದಲ್ಲಿ ಇಂಥ ಕ್ಲೇಮುಗಳ ರಾಶಿ ನೋಡಿ 2015ರಲ್ಲಿ ಅಲಹಾಬಾದ್ ಹೈಕೋರ್ಟು ವಿಶೇಷ ತನಿಖಾ ತಂಡ ಮಾಡಿಸಿತು. 2021ರಲ್ಲಿ ಸುಪ್ರೀಂ ಕೋರ್ಟು ಗದರಿಸಿದ ಮೇಲೆ ಭಾರತೀಯ ಬಾರ್ ಕೌನ್ಸಿಲ್ ಅಲ್ಲಿನ 28 ವಕೀಲರನ್ನು ಅಮಾನತು ಮಾಡಿತು. ಗಮನಿಸಿ ಗೆಳೆಯರೆ, ಸಿಕ್ಕಿಬಿದ್ದವರು ಕರಿಕೋಟಿನವರು. ಸುಳ್ಳನ್ನು ಕಾಗದದ ಮೇಲೆ ಕೂರಿಸೋ ವಿದ್ಯೆ ಬಲ್ಲವರು. ಆದರೆ ಅನುಮಾನದ ಕಣ್ಣು ಬೀಳೋದು ಕೇರಿ ಮೇಲೆ.

ನಮ್ಮ ಚಿಕ್ಕಪ್ಪ ಹೊಸನಗರದ ಕಡೆ ತೋಟವೊಂದಕ್ಕೆ ಅಡಿಕೆ ಕೊಯ್ಲಿಗೆ ಹೋಗುತ್ತಿದ್ದ. ಬೆಳಗ್ಗೆ ತೋಟದವರ ಪಿಕಪ್ಪೇ ಬಂದು ಆಳುಗಳನ್ನು ತುಂಬಿಕೊಂಡು ಹೋಗುವುದು, ಸಂಜೆ ತಂದು ಸುರಿಯುವುದು. ಆ ಹೊತ್ತಿಗೆ ಆ ದಾರಿಗೆ ಬಸ್ಸು ಎಲ್ಲಿಂದ ಬರಬೇಕು? ಒಂದು ದಿನ ತಿರುವಿನಲ್ಲಿ ಪಿಕಪ್ಪು ಮಗುಚಿತು. ಚಿಕ್ಕಪ್ಪನ ಎಡಗಾಲಿಗೆ ರಾಡು ಹಾಕಿದರು. ಮರ ಹತ್ತಿ ಬದುಕಿದ ಕಾಲು ಅದು.

ಪರಿಹಾರಕ್ಕೆ ಅರ್ಜಿ ಹಾಕಿದ ಮೇಲೆ ಕಂಪನಿ ಕಡೆಯವನೊಬ್ಬ ಕೇರಿಗೆ ಬಂದ. ಮೊಬೈಲು ತೆಗೆದು ಪೆಟ್ರೋಲ್ ಬಂಕಿನ ಕ್ಯಾಮೆರಾ ಹಿಡಿದ ಚಿತ್ರ ತೋರಿಸಿದ. ಗಾಡಿ ನಂಬರು, ತಾರೀಕು, ಬೆಳಗ್ಗೆ 6.40. ಹಿಂದೆ ಹನ್ನೆರಡು ತಲೆ. ಸಾಮಾನು ಒಂದೂ ಇಲ್ಲ. "ಇದ್ರಲ್ಲಿ ನೀನ್ಯಾವನಯ್ಯ?" ಚಿಕ್ಕಪ್ಪನಿಗೆ ತನ್ನ ಚಿತ್ರ ಕಂಡು ಖುಷಿಯೇ ಆಯಿತು. "ಅಗಾ, ತಲೆಗೆ ಕೆಂಪು ಟವಲ್ ಸುತ್ಕಂಡಿದಾನಲ್ಲ, ಅವ್ನೇ ನಾನು ಸ್ವಾಮಿ." ಅಷ್ಟು ಸಾಕಾಯಿತು ಅವನಿಗೆ.

ಕಾನೂನು ಹೇಳೋದು ಹೀಗೆ. ಸರಕಿನ ಗಾಡಿಯಲ್ಲಿ ಸರಕಿನ ಮಾಲೀಕನೋ ಅವನ ಪ್ರತಿನಿಧಿಯೋ ಇದ್ದರೆ ವಿಮೆ ಉಂಟು, ಅದು 1994ರ ತಿದ್ದುಪಡಿ. ಸುಮ್ಮನೆ ಕೂತು ಹೋಗುವ ಪುಕ್ಕಟೆ ಪ್ರಯಾಣಿಕನಿಗೆ ಇಲ್ಲ ಅಂತ 2002ರ ಡಿಸೆಂಬರಿನಲ್ಲಿ ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2019ರ ತಿದ್ದುಪಡಿ ಅದನ್ನು ಕಾಯ್ದೆಯ ಅಕ್ಷರದಲ್ಲೇ ಬರೆದುಬಿಟ್ಟಿತು. ಪುಕ್ಕಟೆ! ಕತ್ತಲಲ್ಲೇ ಎದ್ದು ಇನ್ನೊಬ್ಬರ ತೋಟದಲ್ಲಿ ಬೆನ್ನು ಮುರಿಯಾಕೆ ಹೋಗೋನು ಪುಕ್ಕಟೆಯವ. ಗೊಬ್ಬರದ ಚೀಲವೊಂದು ಪಕ್ಕದಲ್ಲಿದ್ದಿದ್ದರೆ ಮನುಷ್ಯನಿಗೂ ಒಂದು ಬೆಲೆ ಬರುತ್ತಿತ್ತು.

ಇದು ನಮ್ಮ ವಕೀಲರಿಗೂ ಗೊತ್ತು. "ಗೊಬ್ಬರದ ಚೀಲ ಇಳ್ಸೋ ಕೂಲಿ ಅಂತ ಹೇಳಿಬಿಡು" ಅಂದರು. ಚಿಕ್ಕಪ್ಪ ಒಪ್ಪಲಿಲ್ಲ. "ಚೀಲ ಎಲ್ಲಿತ್ತು ಮಾರಾಯ್ರೆ? ಚೀಲ ಇದ್ದಿದ್ರೆ ನಮಗೆ ಕೂರಾಕೆ ಜಾಗ ಎಲ್ಲಿರ್ತಿತ್ತು?"

ಗಾಡಿ ಮಾಲೀಕನ ಕೂಲಿಯಾಳೇ ಅಂತ ರುಜುವಾತಾದರೆ ಮಾತು ಬೇರೆ. ಆದರೆ ತೋಟದವರು ಬರೆದುಕೊಟ್ಟಿರುವ ಹೇಳಿಕೆ ಏನು ಗೊತ್ತೆ? ಇವರ್ಯಾರೂ ನಮ್ಮ ಆಳುಗಳಲ್ಲ, ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿಕೊಂಡವರು. ಇಡೀ ಪ್ರಕರಣದಲ್ಲಿ ಶುದ್ಧ ಸುಳ್ಳು ಇದೊಂದೇ. ಬಂಕಿನ ಕ್ಯಾಮೆರಾ ಹನ್ನೆರಡು ತಲೆ ಎಣಿಸಿತು, ಆ ತಲೆಗಳನ್ನು ಕರೆದವರು ಯಾರು ಅಂತ ಅದಕ್ಕೆ ಕಾಣಲಿಲ್ಲ. ಕಂಪನಿಯವನೂ ಕೇಳಲಿಲ್ಲ. ಕೇಳಿದರೆ ದುಡ್ಡು ಕೊಡಬೇಕಾಗುತ್ತದಲ್ಲ!

ಸರ್ಕಾರದ ಕೂಲಿಯ ಕಥೆ ಇದಕ್ಕೆ ತಿರುಗು ಮುರುಗು. ಉದ್ಯೋಗ ಖಾತ್ರಿ ಕೆಲಸಕ್ಕೆ 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ, ಸ್ಥಳದ ಗುರುತಿನ ಸಮೇತ ಫೋಟೊ ಹಾಜರಿ ಕಡ್ಡಾಯ ಮಾಡಿದ್ದರು. ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಆಚೆಯ ಜನ ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಅಂತ ಕೂಗಿದ್ದು ಅದಕ್ಕೂ ಸ್ವಲ್ಪ ಮೊದಲು. ಫೋಟೊ ಹೋಗದಿದ್ದರೆ ಗುದ್ದಲಿ ಹಿಡಿದವನು ಗೈರುಹಾಜರಿ. ತೋಟದ ಕೂಲಿಗೆ ಫೋಟೊ ಇರಲಿ, ಒಂದು ಚೀಟಿಯೂ ಇಲ್ಲ. ಬೇಕಾದಾಗ ಫೋಟೊ ತೆಗೆಯುವವರೂ ಅವರೇ, ಬೇಡದಾಗ ಚೀಟಿ ಕೊಡದವರೂ ಅವರೇ.

ಅಳತೆ ಯಾರ ಕೈಲಿರಬೇಕು ಅನ್ನೋ ಜಗಳ ಈ ಸೀಮೆಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯೋ ಕೊಳಗದ ಮೇಲೆ. ಎಚ್. ಗಣಪತಿಯಪ್ಪ, ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ತಿದ್ದುಪಡಿಯಲ್ಲಿ ಉಳುವವನು ಹೊಲದೊಡೆಯನಾದ. ಗೇಣಿಗೂ ನೆಲ ಸಿಗದ ನಮ್ಮ ಕೇರಿಯವರು ಕೂಲಿಯವರಾಗೇ ಉಳಿದರು. ಅವರ ಕೂಲಿ ಅಳೆಯೋ ಕೊಳಗದ ಬಗ್ಗೆ ಇನ್ನೂ ಸತ್ಯಾಗ್ರಹ ಆಗಿಲ್ಲ. ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ: ನಿಮ್ಮ ಮಕ್ಕಳಿಂದ ಅಪ್ಪ ಅಮ್ಮ ಯಾವ ದಿನ ಯಾರ ಗಾಡಿ ಹತ್ತಿ ಯಾರ ತೋಟಕ್ಕೆ ಹೋದರು ಅಂತ ಒಂದು ನೋಟುಪುಸ್ತಕದಲ್ಲಿ ಬರೆಸಿ.

ಆ ಚಿತ್ರವನ್ನು ನಾವೇ ಕೇಳಿ ತಗೊಂಡಿದ್ದೇವೆ. ಒಂದೇ ಊರಿನ ಹನ್ನೆರಡು ಜನ, ಹೆಚ್ಚಿನವರ ಸೊಂಟದಲ್ಲಿ ಕತ್ತಿ, ಒಂದೇ ತೋಟದವರ ಗಾಡಿ. ಕೈ ಅಡ್ಡ ಹಾಕಿ ಹತ್ತಿದವರ ಹಾಗೆ ಕಾಣುವುದಿಲ್ಲ. ಮುಂದಿನ ವಾಯಿದೆಗೆ ತೋಟದವರ ಬಟವಾಡೆ ಪುಸ್ತಕ ಹಾಜರು ಮಾಡಿಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಹನ್ನೆರಡರಲ್ಲಿ ನಾಲ್ವರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಉಳಿದವರಿಗೆ ಈ ವರ್ಷವೂ ಅದೇ ತೋಟದಲ್ಲಿ ಕೊಯ್ಲಿದೆ.