ಬಾರ್ನಬನ ಮಾತು

ಮಂಗಳೂರಿನ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ತಾಯಿಯವರು ಬೈಬಲ್ ಓದುತ್ತಿದ್ದರು. ‘ಅಪೊಸ್ತಲರ ಕೃತ್ಯಗಳು’ ಬಂತೆಂದರೆ ಹುಡುಗರಾದ ನಮಗೆ ಪೌಲನ ಹಡಗು ಒಡೆದ ಪ್ರಸಂಗವೇ ಪ್ರಿಯ. ಬಾರ್ನಬನತ್ತ ಲಕ್ಷ್ಯ ಹರಿದದ್ದಿಲ್ಲ. ಆತ ಕುಪ್ರದ್ವೀಪದ ಲೇವಿಯ, ನಿಜನಾಮ ಯೋಸೇಫ. ಬಾರ್ನಬನೆಂಬುದು ಅಪೊಸ್ತಲರಿಟ್ಟ ಹೆಸರು. ಅದನ್ನು ವಿವರಿಸುವ ‘ಪರಾಕ್ಲೇಸಿಸ್’ ಎಂಬ ಗ್ರೀಕ್ ಪದಕ್ಕೆ ಸಾಂತ್ವನ, ಉತ್ತೇಜನ ಎಂಬೆರಡು ಅರ್ಥಗಳೂ ಉಂಟು. ನೊಂದವನನ್ನು ಸಂತೈಸುವುದೂ ಎದ್ದು ನಡೆಯೆಂದು ಹುರಿದುಂಬಿಸುವುದೂ ಒಂದೇ ಪದದೊಳಗೆ ಅಡಗಿದೆಯೆಂಬುದು ನನಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಒಂದು ತಪ್ಪು ನಡೆದುಹೋಗಿತ್ತು.

1998ರ ಸುಮಾರು, ಮುಂಬಯಿಯಲ್ಲಿ ನಾನು ಅಧ್ಯಾಪಕನಾದ ಹೊಸತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಎಂ.ಎ. ತರಗತಿಯವರೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ತನ್ನೂರಿನ ಭೂತಕೋಲದ ಕುರಿತು ಪ್ರಬಂಧ ಬರೆದು ತಂದ. ಮರಾಠಿ, ಹಿಂದಿ ಪ್ರಯೋಗಗಳು ಬೆರೆತ, ಕಾಗುಣಿತ ತಪ್ಪಿದ ಬರಹ. ಪಿಎಚ್.ಡಿ.ಯ ಬಿಸಿಯಾರದ ನಾನು ಕೆಂಪು ಶಾಯಿಯಲ್ಲಿ ‘ಇದು ಕನ್ನಡವಲ್ಲ’ ಎಂದು ಷರಾ ಬರೆದೆ. ಸಾಲದುದಕ್ಕೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮರುವಾರದಿಂದ ಆತ ಬರಲಿಲ್ಲ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಅವನ ಹೋಟೆಲನ್ನು ಹುಡುಕಿಕೊಂಡು ಹೋದರು. ಅವರು ಕ್ರೈಸ್ತರಲ್ಲ, ಬಾರ್ನಬನ ಹೆಸರನ್ನೂ ಕೇಳಿರಲಾರರು. ‘ಮೂರನೆಯ ಪುಟವನ್ನು ಎರಡು ಸಲ ಓದಿದೆ. ಪಾತ್ರಿ ಗಗ್ಗರ ಕಟ್ಟಿಕೊಳ್ಳುವ ಭಾಗವನ್ನು ಇನ್ನಷ್ಟು ಬರೆ’ ಎಂದಷ್ಟೇ ಹೇಳಿ, ಚಹಾ ಕುಡಿದು ಬಂದರಂತೆ. ಹುಡುಗ ಮರಳಿದ. ತಪ್ಪುಗಳೂ ಅವನ ಜೊತೆಗೇ ಮರಳಿದವು. ಅವು ತಿದ್ದಿಹೋಗಲು ಎರಡು ವರ್ಷ ಬೇಕಾಯಿತು.

ಆ ಬಳಿಕ ಬಾರ್ನಬನ ಕಥೆಯನ್ನು ಮತ್ತೆ ಓದಿದೆ. ತಮ್ಮನ್ನು ಹಿಂಸಿಸಿದ್ದ ಸೌಲನಿಗೆ ಹೆದರಿ ಯೆರೂಸಲೇಮಿನ ಶಿಷ್ಯರು ದೂರ ನಿಂತಾಗ ಅವನ ಪರವಾಗಿ ಮಾತಾಡಿದವನು ಬಾರ್ನಬ. ಅದೇ ಸೌಲ ಪೌಲನೆನಿಸಿ, ಹಿಂದೆ ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಜೊತೆಗೊಯ್ಯಲು ಒಪ್ಪದಾದಾಗ, ಬಾರ್ನಬ ಮಾರ್ಕನೊಡನೆ ಬೇರೆ ಹಡಗು ಹತ್ತಿದ. ಮೃದುವಚನವೆಂದರೆ ಮುಖಸ್ತುತಿಯೆಂದೇ ನಾನು ತಿಳಿದಿದ್ದೆ. ವಿಶ್ವವಿದ್ಯಾಲಯಗಳಲ್ಲಿ ಅದಕ್ಕೇನೂ ಬರಗಾಲವಿಲ್ಲ. ಬಾರ್ನಬನದು ಇನ್ನೊಬ್ಬನ ಹೊಣೆ ಹೊರುವ ಮಾತು. ಅದಕ್ಕಾಗಿ ಹಳೆಯ ಗೆಳೆತನವನ್ನೂ ಪಣಕ್ಕೊಡ್ಡುವ ಮಾತು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನೇ ಮಾರ್ಕನನ್ನು ತನಗೆ ಬೇಕಾದವನೆಂದು ಕರೆಸಿಕೊಳ್ಳುತ್ತಾನೆ.

ನಾನು ಮಾತ್ರ ಆ ಹುಡುಗನ ಕ್ಷಮೆ ಕೇಳಬೇಕೆಂದುಕೊಂಡೇ ವರ್ಷಗಳನ್ನು ಕಳೆದೆ. ಕೊನೆಗೆ ನನ್ನ ಪುಸ್ತಕವೊಂದರ ಕರಡಚ್ಚನ್ನು, ಹಳೆಯ ಷರಾದ ಮಾತನ್ನೂ ಬರೆದ ಕಾಗದದೊಡನೆ, ಅವನಿಗೆ ಕಳುಹಿಸಿದೆ. ಈಗ ಆತನೂ ಅಧ್ಯಾಪಕ. ಕಾಗದದ ವಿಚಾರ ಎತ್ತಲೇ ಇಲ್ಲ. ತಪ್ಪುಗಳನ್ನು ಪೆನ್ಸಿಲಿನಲ್ಲಿ, ಅಳಿಸಲು ಬರುವಷ್ಟು ಹಗುರವಾಗಿ ಗುರುತು ಮಾಡಿದ್ದ. 17 ಇದ್ದವು.