ಸೀಟಿನ ಕೆಳಗಿನ ವಾಸನೆ

ಪೆಟ್ರೋಲ್ ಸೋರುತ್ತಿದ್ದರೆ ನೆಲದ ಮೇಲೆ ಹನಿ ಕಾಣಬೇಕಲ್ಲ ಎನ್ನುವುದು ಕೇಳಿದವರೆಲ್ಲರ ಮೊದಲ ಮಾತು. ಕಾಣಲೇಬೇಕೆಂದಿಲ್ಲ. ಸಣ್ಣ ಸೋರಿಕೆಯಾದರೆ ಪೆಟ್ರೋಲ್ ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗಿರುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಅದು. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಕೇಳಬೇಕೆ? ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇಳುವುದಿಲ್ಲ, ನೀರಿನಂತೆ ತಗ್ಗು ಹುಡುಕುತ್ತದೆ. ಹುಟ್ಟುವುದು ಒಂದು ಕಡೆ, ಹೋಗಿ ಕೂರುವುದು ಇನ್ನೊಂದು ಕಡೆ. ಹಾಗಾಗಿ ಮೂಗು ತೋರಿಸಿದಲ್ಲೇ ಸ್ಪ್ಯಾನರ್ ಹಾಕಿದರೆ ಕೆಲಸವಾಗುವುದಿಲ್ಲ.

ನನ್ನದು ಹಳೆಯ ಮಹೀಂದ್ರ ಸಿಜೆ-3ಬಿ ಜೀಪು. ಇದರ ಇಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವುಗಳು ತಲೆಯ ಮೇಲಿವೆ, ಎಕ್ಸಾಸ್ಟ್ ವಾಲ್ವುಗಳು ಪಕ್ಕದಲ್ಲಿ. ಅದರಿಂದ ಇಂಜಿನ್ ಎತ್ತರ, ಬಾನೆಟ್ಟೂ ಎತ್ತರ. ಎದುರಿನಿಂದ ನೋಡಿದರೆ ಹಣೆ ಅಗಲವಾದ ಹಿರಿಯರೊಬ್ಬರು ಬರುತ್ತಿರುವಂತೆ ಕಾಣುತ್ತದೆ. ಇದರ ವಾರಗೆಯ ಎಷ್ಟೋ ಜೀಪುಗಳು ಡೀಸೆಲ್ ಇಂಜಿನ್ ಹಾಕಿಸಿಕೊಂಡವು, ಇದು ಪೆಟ್ರೋಲಿಗೇ ನಿಷ್ಠೆಯಿಂದ ಉಳಿಯಿತು. ಸಕಲೇಶಪುರದ ಕಡೆಯ ತೋಟವೊಂದರಲ್ಲಿ ಹಿಂಭಾಗ ಕತ್ತರಿಸಿ, ಚಾಸಿಯ ಮೇಲೆ ಮರದ ಹಲಗೆಯ ತೊಟ್ಟಿ ಕೂರಿಸಿ, ಕಾಫಿ ಮೂಟೆ ಹೊರುವ ಪಿಕಪ್ ಮಾಡಿದ್ದರು. ನಾನು ಕೊಂಡಿದ್ದು ಆ ರೂಪದಲ್ಲಿ. ಟ್ಯಾಂಕ್ ಮಾತ್ರ ಮೊದಲಿನ ಜಾಗದಲ್ಲೇ ಇದೆ, ಡ್ರೈವರ್ ಸೀಟಿನ ಕೆಳಗೆ. ಓಡಿಸುವವನು ಪೆಟ್ರೋಲಿನ ಮೇಲೆಯೇ ಕೂತಿರುತ್ತಾನೆ.

ವಾಸನೆಯ ಬಗ್ಗೆ ಖಡಕ್ಕಾಗಿ ಹೇಳಿದವಳು ಧಾರವಾಡದಿಂದ ಬಂದಿದ್ದ ಅವ್ವ. "ಏನ್ ನಾತ ಹೊಡೀತದೋ ನಿನ್ನ ಗಾಡ್ಯಾಗ! ನೀ ಮುಂದ ಹೋಗು, ನಾ ಆಟೋದಾಗ ಬರ್ತೀನಿ" ಎಂದು ಇಳಿದೇಬಿಟ್ಟಳು. ಮರಾಠಿಯಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ 'ವಾಸ್' ಎಂಬ ಶಬ್ದ ನಡೆಯುತ್ತದೆ. ನಮ್ಮಲ್ಲಿ ಘಮ, ಕಂಪು, ಕಮಟು, ಗಬ್ಬು, ನಾತ ಎಂದು ಇಷ್ಟೆಲ್ಲ ಇದ್ದೂ ಪೆಟ್ರೋಲಿಗೆ ಹೊಂದುವ ಶಬ್ದವಿಲ್ಲ. ಕೆಲವರಿಗಂತೂ ಅದು ಇಷ್ಟ. ಆದರೆ ಅವ್ವನ ಮೂಗಿಗೆ ಒಂದು ಬೆಲೆಯಿತ್ತು: ಅದು ಹೊರಗಿನಿಂದ ಬಂದ ಮೂಗು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಯಾರ ಮೂಗಾದರೂ ವರದಿ ಮಾಡುವುದನ್ನು ನಿಲ್ಲಿಸುತ್ತದೆ. ಇಂಥ ಹುಡುಕಾಟದಲ್ಲಿ ಹತ್ತು ನಿಮಿಷಕ್ಕೊಮ್ಮೆ ರಸ್ತೆಗೆ ಹೋಗಿ ಶುದ್ಧ ಗಾಳಿ ಕುಡಿದು ಬರಬೇಕು, ಇಲ್ಲವೇ ಇನ್ನೊಬ್ಬರನ್ನು ಕರೆಯಬೇಕು.

ಅವಸರಕ್ಕೆ ಬೇರೆ ಕಾರಣವೂ ಇತ್ತು. ಸೀಟಿನ ಪಕ್ಕದ ತಗಡು ತುಕ್ಕು ಹಿಡಿದು ತೂತಾಗಿತ್ತು, ಮುಂದಿನ ಭಾನುವಾರಕ್ಕೆ ವೆಲ್ಡರ್ ಗೊತ್ತಾಗಿದ್ದ. "ಪೆಟ್ರೋಲ್ ಖಾಲಿ ಮಾಡಿಡಿ ಸಾಹೇಬ್, ಅರ್ಧ ಗಂಟೆಯ ಕೆಲಸ" ಎಂದಿದ್ದ. ಭಯ ಹುಟ್ಟಿಸಿದ್ದು ಈ ಮಾತೇ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡದ ನಡುವೆ ಇದ್ದಾಗ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಅದಕ್ಕಿಂತ ದಟ್ಟವಾಗಿರುತ್ತದೆ, ಉರಿಯಲು ಬೇಕಾದ ಗಾಳಿ ಇರುವುದಿಲ್ಲ. ಖಾಲಿ ಮಾಡಿದಾಗಲೇ ಗಾಳಿ ಒಳನುಗ್ಗಿ ಸರಿಯಾದ ಮಿಶ್ರಣ ತಯಾರಾಗುವುದು. ತಳದಲ್ಲಿ ಉಳಿದ ಒಂದು ಲೋಟ ಪೆಟ್ರೋಲ್ ಸಾಕು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕನ್ನು ಹೆಚ್ಚು ನಂಬಬಾರದು ಎಂಬುದು ಹೇಳಿದರೆ ಯಾರಿಗೂ ಸಲೀಸಾಗಿ ಇಳಿಯುವುದಿಲ್ಲ.

ಗ್ಯಾರೇಜೊಂದರಲ್ಲಿ "ಹಳೇ ಗಾಡಿ, ವಾಸನೆ ಬಂದೇ ಬರುತ್ತೆ" ಎಂದು ಕೈತೊಳೆದುಕೊಂಡರು. ಗೆಳೆಯರೆಲ್ಲರ ಬಳಿ ಒಂದೇ ಉತ್ತರ: ಇ20. ಪೆಟ್ರೋಲಿಗೆ 20 ಶೇಕಡ ಎಥನಾಲ್ ಬೆರೆಸುವುದಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟಿದ್ದು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ, ನೀರನ್ನೂ ಹೀರುತ್ತದೆ, ಇವೆಲ್ಲ ನಿಜ. ಆದರೆ ಇ20 ಎಂಬುದು ಉತ್ತರವಲ್ಲ. ಯಾವ ರಬ್ಬರ್, ಎಲ್ಲಿಯದು ಎಂದು ಅದು ಹೇಳುವುದಿಲ್ಲ.

ನಾನು ಎಲ್ಲಿ ಎಂಬುದನ್ನು ಬಿಟ್ಟು ಯಾವಾಗ ಎಂದು ಬರೆದಿಡತೊಡಗಿದೆ. ಬಿಸಿ ಇಂಜಿನ್ ನಿಲ್ಲಿಸಿದ ಹತ್ತು ನಿಮಿಷಕ್ಕೆ ವಾಸನೆ ಬಂದರೆ ಕಾರ್ಬುರೇಟರ್ ಮೇಲೆ ಅನುಮಾನ, ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಇಂಜಿನ್ ಕಾವಿಗೆ ಕುದಿಯುತ್ತದೆ. ಹಾಗೆ ಬರುತ್ತಿರಲಿಲ್ಲ. ಇಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪಿನ ಪೊರೆ ಹರಿದರೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಎಳೆದು ಮೂಸಿದೆ, ಆಯಿಲ್ ಮಟ್ಟ ಏರಿರಲಿಲ್ಲ, ವಾಸನೆಯೂ ಇಲ್ಲ. ಟ್ಯಾಂಕಿನ ಮೇಲೆ ಗೇಜಿನ ಮುಚ್ಚಳ ಕೂತಿರುವಲ್ಲಿ, ಪೈಪಿನ ಕೀಲುಗಳಲ್ಲಿ ಟಾಲ್ಕಮ್ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟೆ. ಹಸಿಯಾದರೆ ಪೌಡರಿನಲ್ಲಿ ಗೆರೆ ಬೀಳುತ್ತದೆ. ಬೀಳಲಿಲ್ಲ.

ಮೂರು ವಾರದ ಟಿಪ್ಪಣಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ವಾಸನೆ, ಮರುದಿನವೂ ವಾಸನೆ. ಏಳೆಂಟು ಲೀಟರ್ ಖರ್ಚಾದ ಮೇಲೆ ಮಾಯ. ನೂರಿನ್ನೂರು ರೂಪಾಯಿಗೆ ಹಾಕಿಸಿದ ದಿನ ಇಲ್ಲವೇ ಇಲ್ಲ. ಅಂದರೆ ತೊಂದರೆ ಟ್ಯಾಂಕಿನ ಕುತ್ತಿಗೆಗಿಂತ ಕೆಳಗಿಲ್ಲ.

ಕುತ್ತಿಗೆ ಕಾಣುತ್ತಲೇ ಇರಲಿಲ್ಲ. ಮರದ ತೊಟ್ಟಿಗೆ ಅಡ್ಡ ಬರುತ್ತದೆಂದು ಪೆಟ್ರೋಲ್ ಹಾಕುವ ಬಾಯನ್ನು ಯಾರೋ ಒಂದು ಗೇಣು ಸರಿಸಿ, ಮೇಲೆ ಪ್ಲೈವುಡ್ ಹೊಡೆದಿದ್ದರು. ಹನ್ನೊಂದು ಸ್ಕ್ರೂ ಬಿಚ್ಚಿದೆ. ಒಳಗೆ ಬಾಯಿಗೂ ಟ್ಯಾಂಕಿಗೂ ನಡುವೆ ಇದ್ದದ್ದು ರೇಡಿಯೇಟರ್ ಹೋಸಿನ ತುಂಡು. ಬಿಸಿನೀರಿಗೆ ಗಟ್ಟಿಮುಟ್ಟಾದ ರಬ್ಬರ್, ಪೆಟ್ರೋಲಿಗೆ ಏನೇನೂ ಅಲ್ಲ. ಮುಟ್ಟಿದರೆ ನೆನೆದ ತೊಗಲಿನಂತೆ ಮೆತ್ತಗೆ. ಕ್ಲಾಂಪನ್ನು ಮತ್ತೆ ಮತ್ತೆ ಬಿಗಿದು ಅದು ರಬ್ಬರಿನೊಳಗೆ ಹೂತುಹೋಗಿತ್ತು, ಕೆಳಮೈಯಲ್ಲಿ ಉದ್ದಕ್ಕೆ ಸೀಳು. ಜೊತೆಗೆ, ತುಂಬುವಾಗ ಟ್ಯಾಂಕಿನ ಗಾಳಿ ಹೊರಗೆ ಬಿಡುವ ತೆಳ್ಳನೆಯ ಪೈಪು ತೊಟ್ಟಿಯ ಅಡ್ಡಪಟ್ಟಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಗಾಳಿಗೆ ದಾರಿಯಿಲ್ಲದೆ ಪೆಟ್ರೋಲ್ ಕುತ್ತಿಗೆಯಲ್ಲೇ ನಿಂತು, ಸೀಳಿನಿಂದ ಜಿನುಗಿ, ಆವಿಯಾಗಿ ಸೀಟಿನ ಕೆಳಗಿನ ಗುಂಡಿಯಲ್ಲಿ ಬಂದು ಕೂರುತ್ತಿತ್ತು. ವೆಲ್ಡ್ ಆಗಬೇಕಿದ್ದ ತೂತು ಆ ಸೀಳಿನಿಂದ ಒಂದು ಗೇಣೂ ದೂರವಿರಲಿಲ್ಲ.

ಹೋಸು ಹಾಕಿದವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಳೆಗಾಲದ ಮಲೆನಾಡು, ಪೇಟೆ ದೂರ, ಕಾಫಿ ಸಾಗಬೇಕು. ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾನೆ. ಕಾರ್ಖಾನೆಯ ಗಾಡಿಗೆ ಪುಸ್ತಕವಿದೆ, ಯಾವ ಪೈಪು ಎಲ್ಲಿ ಎಂದು ಬರೆದಿರುತ್ತದೆ. ಬದಲಾಯಿಸಿದ ಗಾಡಿಯಲ್ಲಿ ಬದಲಾಯಿಸಿದವನ ಮನಸ್ಸನ್ನೇ ಓದಬೇಕು. ನನ್ನ ತಕರಾರು ಆ ಪ್ಲೈವುಡ್ ಬಗ್ಗೆ ಮಾತ್ರ. ಮುಚ್ಚದೆ ಬಿಟ್ಟಿದ್ದರೆ ಯಾರಾದರೂ ಎಂದೋ ನೋಡುತ್ತಿದ್ದರು.

ನಾನಾ ಪೇಠಿನ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಎಥನಾಲಿಗೂ ಆಗುವ ಫಿಲ್ಲರ್ ಹೋಸ್ ತಂದೆ. ಗಾಳಿ ಪೈಪನ್ನು ಅಡ್ಡಪಟ್ಟಿಯ ಮೇಲಿನಿಂದ ತಿರುಗಿಸಿದೆ. ಪ್ಲೈವುಡ್ ಹೊಡೆದಿದ್ದಲ್ಲಿ ಜಾಲರಿ ಹಾಕಿಸಿದೆ. ಟ್ಯಾಂಕ್ ತುಂಬಿಸಿ ಎರಡು ದಿನ ಕಾದೆ, ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆದು ಮೂಸಿಸಿದೆ. ಏನೂ ಇಲ್ಲ.

ಆದರೂ ವೆಲ್ಡಿಂಗಿಗೆ ಮುನ್ನ ಟ್ಯಾಂಕನ್ನು ಬರಿದು ಮಾಡಿ ಬಿಟ್ಟರೆ ಸಾಲದು ಎಂದು ಅದನ್ನು ಇಡಿಯಾಗಿ ಬಿಚ್ಚಿ ಹೊರತೆಗೆದೆ, ಬಾಯಿ ಮುಚ್ಚಿ ಓಣಿಯ ಕೊನೆಯ ಬಯಲಿನಲ್ಲಿ ನೆರಳಿಗೆ ಇಟ್ಟೆ. ಬ್ಯಾಟರಿ ತಂತಿ ಕಳಚಿದೆ. ಪೈಪುಗಳನ್ನೂ ಬರಿದು ಮಾಡಿ ತುದಿ ಕಟ್ಟಿದೆ. ವೆಲ್ಡರ್ ಬಂದವನು ಸೀಟಿನ ಜಾಗದ ಖಾಲಿ ಗುಂಡಿಯನ್ನೂ ನನ್ನನ್ನೂ ನೋಡಿ, ಇಷ್ಟೆಲ್ಲ ಯಾಕೆ ಎಂಬಂತೆ ನಕ್ಕ. ಬದಿಗೆ ಇಟ್ಟಿದ್ದ ಹಳೆಯ ಹೋಸಿನ ತುಂಡನ್ನು ಅವನ ಕೈಗೆ ಕೊಟ್ಟೆ. ಬೆರಳಿನಿಂದ ಸೀಳು ಅಗಲಿಸಿ ನೋಡಿದ. ಹೋಲ್ಡರ್ ಕೆಳಗಿಟ್ಟು, ಮೊಣಕಾಲೂರಿ, ಗುಂಡಿಗೆ ಮುಖ ತಾಗುವಷ್ಟು ಬಗ್ಗಿ ತಾನೇ ಒಮ್ಮೆ ಮೂಸಿದ. ಆಮೇಲೆ ಮುಖವಾಡ ಇಳಿಸಿಕೊಂಡ.